ಸುಣ್ಣದ ಕಲ್ಲು

೪ ಅಕ್ಟೋಬರ್ ೨೦೦೧, ಗುರುವಾರ. ಯರಗಟ್ಟಿ

ಬೆಳಿಗ್ಗೆಯಿಂದ ಫೋನಿನ ಮುಂದೆ. ಕರೆಂಟ್ ಆಫೀಸು — ಎಂಗೇಜ್. ಭೂಸ್ವಾಧೀನದವರು — ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಯಾವ ಮೀಟಿಂಗು ಗೊತ್ತಿಲ್ಲ. ಟೆಲಿಫೋನ್ ಆಫೀಸು — ಅವರದೇ ಲೈನ್ ಸತ್ತಿದೆ. ಹೈದರಾಬಾದಿನ ಹೆಡ್ ಆಫೀಸು ಮಾತ್ರ ಮೊದಲ ರಿಂಗಿಗೇ ಎತ್ತಿತು. ಬೈಯಲು.

ಹೊಸ ರಸ್ತೆ ಯರಗಟ್ಟಿ ಊರನ್ನು ಬಳಸಿ ಸಾಲಹಳ್ಳಿ ಕಡೆ ಹೋಗಬೇಕು. ಕಟ್ಟುವುದು ಕಂಪನಿ. ಕಟ್ಟಿಸುವುದು ಇಲಾಖೆ. ಜಮೀನು ಬಿಡಿಸಿಕೊಡುವವರು ಬೇರೆ, ಕಂಬ ಕೀಳುವವರು ಬೇರೆ, ಪೈಪು ಸರಿಸುವವರು ಬೇರೆ. ಇವರ ನಡುವೆ ನಾನು, ಕಂಪನಿಯ ಕೋಆರ್ಡಿನೇಟರ್. ಈ ಶಬ್ದದ ಅರ್ಥ ಬೈಲಹೊಂಗಲದ ಮನೆಯಲ್ಲಿ ಹೆಂಡತಿಗೆ ಹೇಳಲು ಹೋಗಿದ್ದೆ. 'ಅಂದ್ರ ಎಲ್ಲಾರ ಕಡಿಂದ ಬೈಸ್ಕೊಳ್ಳಾಂವ' ಎಂದಳು ರಾಜೇಶ್ವರಿ. ಸಾಲಿ ಮಾಸ್ತರಿಣಿ, ಒಂದೇ ಸಲಕ್ಕೆ ತಿಳಿದುಕೊಂಡಳು.

ನಕ್ಷೆ ತಿದ್ದಿದಾಗಲೆಲ್ಲ ಮೂಲೆಯಲ್ಲಿ ಒಂದು ಅಂಕಿ ಏರುತ್ತದೆ. ಕಂಪನಿಯ ಕೈಯಲ್ಲಿ ಆರ್-ಟೂ. ಇಲಾಖೆಯ ಕೈಯಲ್ಲಿ ಆರ್-ಒನ್. ಕರೆಂಟ್ ಆಫೀಸಿನ ದುಂಡಪ್ಪನ ಕೈಯಲ್ಲಿ ಯಾರೋ ಪೆನ್ಸಿಲಿನಲ್ಲಿ ಇಳಿಸಿಕೊಟ್ಟ ಹಾಳೆ. ಅದನ್ನು ನೋಡಿ ಆತ ಕಂಬ ಸರಿಸಿದ. ಅಂಚಿನಲ್ಲಿದ್ದ ಕಂಬಗಳು ಈಗ ರಸ್ತೆಯ ನಟ್ಟನಡುವೆ ನಿಂತಿವೆ. 'ನೀವು ಹೇಳಿದಲ್ಲೇ ನಿಲ್ಲಿಸೇವ್ರಿ' ಎನ್ನುತ್ತಾನೆ. ಹೇಳಿದ್ದು ಯಾರು, ಅವನಿಗೂ ಗೊತ್ತಿಲ್ಲ, ನನಗೂ.

೯ ಅಕ್ಟೋಬರ್, ಮಂಗಳವಾರ

ಊಟದ ಹೊತ್ತಿಗೆ ನಮ್ಮ ಆಫೀಸಿನ ಶೆಡ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು. ಅರವತ್ತು ದಾಟಿರಬಹುದು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮೊಸರಿನ ಗಡಿಗೆ. ನಮ್ಮ ಸೈಟ್ ಸೂಪರ್‌ವೈಸರ್ ಭೀಮಶಿ ಒಳಗೆ ಬಂದು ಹೇಳಿದ: 'ಹಳ್ಳದ ಆಚೆ ಕರೀ ಹೊಲ ಐತೆಲ್ರಿ, ಅದರ ಗುರವ್ವಾರು. ಪರಿಹಾರದ ಮಾತಿಗೆ ಬಂದಿರಬೇಕು.'

ಅಲ್ಲ. ಗಂಡ ಮಡಿವಾಳೆಪ್ಪನ ಜೊತೆ ಬೇಸಿಗೆಯಲ್ಲೇ ರಸ್ತೆಗೆ ಹೋಗುವ ಪಟ್ಟಿಗೆ ಸಹಿ ಹಾಕಿದ್ದಾಳೆ. ಆ ಮಾತು ಎತ್ತಲೇ ಇಲ್ಲ.

'ಹೊಲಾ ಹೋಗ್ಲಿ ಸಾಹೇಬ್ರ. ರಸ್ತಾ ಆದ್ರ ಮಂದಿಗೆ ಛಲೋನೇ ಆತು. ಆದ್ರ ನಡು ಹೊಲದಾಗ ನನ್ನ ಮಗಳ ಅದಾಳ್ರಿ. ಆಕೀನ ಬಿಟ್ಟ ಹೋಗ್ರಿ.'

ನನಗೆ ಹೊಳೆಯಲಿಲ್ಲ. 'ಎಲ್ಲಿ ಅದಾರ್ರಿ ಮಗಳು, ಹೊಲದಾಗ ಏನ್ ಮಾಡಾಕತ್ತಾರ?' ಎಂದು ಕೇಳಿಬಿಟ್ಟೆ. ಭೀಮಶಿ ತಲೆ ಕೆಳಗೆ ಹಾಕಿದ. ನನ್ನ ಬಾಯಿಗೆ ಮಣ್ಣು ಬೀಳಲಿ.

ಗಂಗಾ. ವರ್ಷಗಳ ಹಿಂದೆ ಹತ್ತನೇ ಇಯತ್ತೆಯ ಪರೀಕ್ಷೆ ಬರೆದು ಬಂದ ವಾರ ಕಾಮಾಲೆ. ಉಳಿಯಲಿಲ್ಲ. ಅವರ ಮನೆತನದಲ್ಲಿ ಹೋದವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು. ಹಿರಿಯರೆಲ್ಲ ಊರ ಹತ್ತಿರದ ಹೊಲದಲ್ಲಿದ್ದಾರೆ. ಗಂಗಾ ಒಬ್ಬಳೇ ಇಲ್ಲಿ. ಈ ಹೊಲವೆಂದರೆ ಅವಳಿಗೆ ಜೀವವಂತೆ. ಹಸಿ ಕಡಲೆ ತಿನ್ನಲು ಸಾಲಿ ಬಿಟ್ಟವಳೇ ಇಲ್ಲಿಗೆ ಓಡುತ್ತಿದ್ದಳಂತೆ.

ಸಂಜೆ ಹೋಗಿ ನೋಡಿದೆ. ಮೊಣಕಾಲೆತ್ತರದ ಒಂದು ನಿಲ್ಲಿಸಿದ ಕಲ್ಲು, ಸುತ್ತ ನಾಲ್ಕು ಸಣ್ಣ ಕಲ್ಲು. ಹೆಸರಿಲ್ಲ, ಬರಹವಿಲ್ಲ. ಗೊತ್ತಿಲ್ಲದವನು ಹೊಲದ ಗಡಿಯ ಬಾಂದಗಲ್ಲು ಎಂದುಕೊಂಡಾನು. ನಮ್ಮ ರಸ್ತೆಯ ನಡುಗೆರೆ ಹೆಚ್ಚುಕಡಿಮೆ ಅದರ ಮೇಲೆಯೇ ಹಾದಿದೆ.

ಮೊಸರು ಗಟ್ಟಿಯಿತ್ತು. ತಿಂದೆ. ತಿಂದ ಮೇಲೆ ಋಣದಲ್ಲಿ ಬಿದ್ದಂತಾಯಿತು.

೧೦ ಅಕ್ಟೋಬರ್

ಇಲಾಖೆಯ ಪೂನಮ್ ಮೇಡಂ ಜೊತೆ ಮಾತಾಡಿದೆ. ಜೂನಿಯರ್ ಇಂಜಿನಿಯರ್. ಇಡೀ ಯೋಜನೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವ ಒಂದೇ ಜೀವ. 'ಹಳ್ಳ ದಾಟಿದ ಮ್ಯಾಲ ಸ್ವಲ್ಪ ತಿರುವು ಕೊಟ್ರ ಸಮಾಧಿ ತಪ್ತದ್ರಿ. ಆದ್ರ ಗುರವ್ವಾರ ಜ್ವಾಳದ ಪಟ್ಟಿ ಇನ್ನೊಂದೀಟು ಹೋಗ್ತದ' ಎಂದರು.

ಗುರವ್ವನಿಗೆ ಹೇಳಿದೆ. 'ತಗೋರಿ' ಎಂದಳು. ಒಂದೇ ಮಾತು.

ನಕ್ಷೆ ತಿದ್ದುವ ಬೆಳಗಾವಿಯ ಡಿಸೈನ್ ಆಫೀಸಿಗೆ ಬರೆಯಬೇಕು. ಅವರು ಒಪ್ಪಬೇಕು. ಒಪ್ಪಿದ್ದು ಎಲ್ಲರಿಗೂ ತಲುಪಬೇಕು. ಬಾಯಲ್ಲಿ ಹೇಳುವಾಗ ಎಷ್ಟು ಸಸಾರ.

೨೬ ಅಕ್ಟೋಬರ್, ಶುಕ್ರವಾರ. ಬೈಲಹೊಂಗಲ

ದಸರೆ. ಬನ್ನಿ ಕೊಟ್ಟೆ, ಬನ್ನಿ ತಗೊಂಡೆ, ಬಂಗಾರದಂಗ ಇರೋಣು ಎಂದೆ. ನಡುವೆ ಎರಡು ಸಲ ಎಸ್‌ಟಿಡಿ ಬೂತಿಗೆ ಹೋಗಿ ಬಂದೆ. ರಾಜೇಶ್ವರಿ: 'ಹಬ್ಬದಾಗೂ ಯಾರಿಗ್ರಿ ಫೋನು?' ಡಿಸೈನ್ ಆಫೀಸಿಗೆ ಎಂದೆ. 'ಅವರಿಗೂ ಹಬ್ಬ ಇರ್ತೈತ್ರಿ' ಎಂದಳು. ಹೌದು. ರಿಂಗಾಗಿ ರಿಂಗಾಗಿ ನಿಂತಿತು.

೮ ನವೆಂಬರ್, ಗುರುವಾರ

ಯರಗಟ್ಟಿಯ ಸರ್ಕಾರಿ ಬಂಗಲೆ, ಐಬಿಯಲ್ಲಿ ಸಮನ್ವಯ ಸಭೆ. ಐಬಿ ಯಾಕೆ? ಇಲಾಖೆಯವರು ಕಂಪನಿಯ ಶೆಡ್ಡಿಗೆ ಬರುವುದಿಲ್ಲ, ಮಾನಕ್ಕೆ ಕಡಿಮೆ. ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಇಲಾಖೆಯ ಆಫೀಸಿಗೆ ಹೋಗುವುದಿಲ್ಲ, ಅಲ್ಲಿ ಕುರ್ಚಿ ಕೊಡುವುದಿಲ್ಲವಂತೆ. ಭೂಸ್ವಾಧೀನದ ಸಾಹೇಬರು ಸವದತ್ತಿ ಬಿಟ್ಟು ಬರುವುದೇ ಇಲ್ಲ, ಗುಮಾಸ್ತ ಗಂಗಪ್ಪನನ್ನು ಕಳಿಸುತ್ತಾರೆ. ಗಂಗಪ್ಪನಿಗೆ ಹೂಂ ಅನ್ನುವ ಅಧಿಕಾರವೂ ಇಲ್ಲ, ಊಹೂಂ ಅನ್ನುವ ಅಧಿಕಾರವೂ ಇಲ್ಲ.

ಮಿರ್ಚಿ, ಚುರಮುರಿ, ಚಹಾ. ಸಮಾಧಿಯ ಮಾತು ತೆಗೆದೆ. ಯಾರಾದರೂ ಬೇಡ ಎಂದರೇ? ಇಲ್ಲ. 'ಆಗ್ಲಿ ಆಗ್ಲಿ, ಅಂಥಾದ್ದನ್ನ ಮುಟ್ಟಬಾರ್ದ್ರಿ' ಎಂದ ದುಂಡಪ್ಪ. ಇಲಾಖೆಯವರೂ ಆಗ್ಲಿ. ಕಂಪನಿಯೂ ಆಗ್ಲಿ. ಗಂಗಪ್ಪ ಸುಮ್ಮನೆ ಕೈಮುಗಿದ. ಒಬ್ಬರಾದರೂ ಎದುರು ನಿಂತು ಜಗಳಾಡಿದ್ದರೆ ಧೈರ್ಯ ಬರುತ್ತಿತ್ತು. ಇವರ ಒಪ್ಪಿಗೆಯೇ ನನಗೆ ಹೆದರಿಕೆ.

೨೦ ನವೆಂಬರ್, ಮಂಗಳವಾರ

ಇವತ್ತು ಸ್ವಲ್ಪದರಲ್ಲಿ ತಪ್ಪಿತು.

ಬೆಳಿಗ್ಗೆ ಭೀಮಶಿ ಮೋಟಾರ್ ಸೈಕಲ್ ಮೇಲೆ ಬಂದ. 'ಡೋಜರ್ ಹಳ್ಳ ದಾಟೈತ್ರಿ. ಗುರವ್ವಾರ ಹೊಲದಾಗ ಹೊಂಟೈತಿ.' ಯಾರು ಕಳಿಸಿದ್ದು? ಪ್ರಾಜೆಕ್ಟ್ ಮ್ಯಾನೇಜರು. ಅವನ ಮೇಜಿನ ಮೇಲೆ ಇದ್ದದ್ದು ಆರ್-ಟೂ. ಸಭೆಯಲ್ಲಿ ಆಗ್ಲಿ ಎಂದಿದ್ದಿರಲ್ಲ ಎಂದರೆ, ಆಗಲಿ ಎಂದಿದ್ದೆ, ನಕ್ಷೆ ಬರಲಿಲ್ಲವಲ್ಲ ಎನ್ನುತ್ತಾನೆ.

ಜೀಪು ಹಳ್ಳದಲ್ಲಿ ಸಿಕ್ಕಿತು. ಇಳಿದು ಓಡಿದೆ. ಯಂತ್ರ ನಿಂತಿತ್ತು. ಅದರ ಮುಂದೆ ಗುರವ್ವ, ಕಲ್ಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಕಳೆ ತೆಗೆಯುತ್ತಿದ್ದವಳು ಹಾಗೆಯೇ ಬಂದಿದ್ದಳು, ಕೈಯಲ್ಲಿ ಕಳೆ ಕೀಳುವ ಕುರ್ಚಿಗಿ ಇತ್ತು. ಆಪರೇಟರ್ ಕೆಳಗಿಳಿದು ಬೀಡಿ ಸೇದುತ್ತ ನಿಂತಿದ್ದ. ಒಳ್ಳೆಯವನು. ಹಾರ್ನ್ ಕೂಡ ಹಾಕಿರಲಿಲ್ಲ.

'ಬಂದ್ಯಾ ತಮ್ಮಾ' ಎಂದಳು. ಸಾಹೇಬ್ರ ಹೋಗಿ ತಮ್ಮ ಆದೆ. 'ನೀ ಹೇಳಿದ್ದಿ ಅಂತ ನಾ ಹೇಳಾಕತ್ತಿದ್ದೆ. ಇವಂಗ ಗೊತ್ತಿಲ್ಲಂತ.'

'ಇನ್ನ ಹಿಂಗ ಆಗೂದಿಲ್ರಿ ಅವ್ವಾರ' ಎಂದೆ. ಯಾವ ಧೈರ್ಯದ ಮೇಲೆ ಎಂದೆನೋ.

೩ ಡಿಸೆಂಬರ್, ಸೋಮವಾರ

ಆರ್-ತ್ರೀ ಬಂತು! ತಿರುವು ಇದೆ. ಸಮಾಧಿ ರಸ್ತೆಯ ಹೊರಗೆ. ಫ್ಯಾಕ್ಸಿನ ಹಾಳೆಯನ್ನು ಮೂರು ಸಲ ನೋಡಿದೆ.

ಆಮೇಲೆ ಯೋಚನೆ ಹತ್ತಿತು. ಇದರ ಪ್ರತಿಯನ್ನು ಎಲ್ಲರಿಗೂ ಕಳಿಸುತ್ತೇನೆ. ಕೆಲವರು ತೆರೆಯುವುದಿಲ್ಲ. ಕೆಲವರು ಹಳೆಯದರ ಕೆಳಗೆ ಇಡುತ್ತಾರೆ. ನಾಳೆ ಬರುವ ಹೊಸ ಆಪರೇಟರನಿಗೆ ನಕ್ಷೆ ಓದಲು ಬರುವುದಿಲ್ಲ. ಪೂನಮ್ ಮೇಡಂಗೆ ಹೇಳಿದೆ: ಹಾಳೆಯನ್ನು ನಂಬಿ ಕೆಟ್ಟೆವು. ನೆಲದ ಮೇಲೇ ಬರೆದುಬಿಡೋಣ. ನಡುಗೆರೆಯುದ್ದಕ್ಕೂ ಕಲ್ಲು ನೆಟ್ಟು ಸುಣ್ಣ ಹಚ್ಚೋಣ. ಯಾರು ಬಂದರೂ ಬಿಳಿ ಕಲ್ಲು ನೋಡಿಕೊಂಡು ಹೋಗಲಿ. ಯಾವ ಅಂಕಿಯೂ ಬೇಡ.

ಮೇಡಂ ನಕ್ಕರು. 'ಅಷ್ಟ ಅಲ್ರಿ? ಇಷ್ಟ ದಿನ ಯಾಕ ಹೊಳೀಲಿಲ್ಲ?'

೧೯ ಡಿಸೆಂಬರ್, ಬುಧವಾರ

ಕಲ್ಲು ನೆಟ್ಟು ಮುಗಿದು ವಾರವಾಯಿತು. ತಿರುವಿನ ಕಲ್ಲುಗಳು ಗುರವ್ವನ ಜೋಳದೊಳಗೇ ಬಂದವು. ಬೆಳೆ ಎದೆಯೆತ್ತರ. ಪೂನಮ್ ಮೇಡಂ ತಾವೇ ಒಳಹೊಕ್ಕು ಅಳೆದರು, ಹೊರಬಂದಾಗ ಕೈ ತುಂಬ ಗೀರು. ಆ ಪಟ್ಟಿಯಲ್ಲಿ ಸುಗ್ಗಿ ಮುಗಿಯುವವರೆಗೂ ಯಂತ್ರ ಇಳಿಸುವುದಿಲ್ಲ ಎಂದು ಠರಾವಾಯಿತು.

ಎಲ್ಲ ಕಚೇರಿಗೂ ಒಂದೇ ಒಕ್ಕಣೆ ಕಳಿಸಿದೆ. ಬಿಳಿ ಕಲ್ಲೇ ರಸ್ತೆ. ಬಿಳಿ ಕಲ್ಲನ್ನು ಬಿಟ್ಟು ಬೇರೇನನ್ನೂ ನೋಡಬೇಡಿ. ಫೋನಿನಲ್ಲೂ ಹೇಳಿದೆ, ಹೋಗಿಯೂ ಹೇಳಿದೆ. ದುಂಡಪ್ಪ ಅದೇ ವಾರ ಕಲ್ಲು ನೋಡಿ ಕಂಬ ಸರಿಸಿದ, ಸರಿಯಾದ ಜಾಗಕ್ಕೆ! ಪೈಪಿನವರೂ ಕಲ್ಲು ನೋಡಿ ಅಗೆದರು. ಪ್ರಾಜೆಕ್ಟ್ ಮ್ಯಾನೇಜರ್ ಬೆನ್ನು ತಟ್ಟಿದ.

ಈ ಡೈರಿಯಲ್ಲಿ ಇಂಥ ಪುಟ ಇದೊಂದೇ ಇರಬೇಕು. ಸಂತೋಷವಾಗಿದೆ ಎಂದು ಬರೆಯಲು ನಾಚಿಕೆ ಯಾಕೆ? ಸಂತೋಷವಾಗಿದೆ.

೧೦ ಜನವರಿ ೨೦೦೨, ಗುರುವಾರ

ಗುರವ್ವ ಬಂದಿದ್ದಳು. ಮೊಸರಿನ ಜೊತೆ ಇವತ್ತು ಒಂದು ಖಾಲಿ ಡಬ್ಬಿ.

'ಎಳ್ಳ ಅಮಾಸಿ ಬಂತ ತಮ್ಮಾ. ಚರಗಾ ಚೆಲ್ಲಾಕ ಎಲ್ಲಾರೂ ಹೊಲಕ್ಕ ಬರ್ತೇವಿ. ನೀನೂ ಬಾ. ಮತ್ತ ಒಂದೀಟ ಸುಣ್ಣಾ ಇದ್ರ ಕೊಡು.'

ಡ್ರಮ್ಮಿನಲ್ಲಿ ಉಳಿದದ್ದು ಬಿದ್ದಿತ್ತು. ಭೀಮಶಿಗೆ ಹೇಳಿ ಡಬ್ಬಿ ತುಂಬಿಸಿ ಕೊಟ್ಟೆ. ಮನೆಯ ಗೋಡೆಗಿರಬೇಕು ಅಂದುಕೊಂಡೆ. ಅಷ್ಟೂ ಅಂದುಕೊಳ್ಳಲಿಲ್ಲ, ನಿಜ ಹೇಳಬೇಕೆಂದರೆ. ಫೋನು ಬಂದಿತ್ತು.

೧೩ ಜನವರಿ, ಭಾನುವಾರ. ಎಳ್ಳಮಾವಾಸ್ಯೆ

ಗುರವ್ವನ ಹೊಲದಲ್ಲಿ ಊಟ. ರಾಜೇಶ್ವರಿಯನ್ನೂ ಕರೆದುಕೊಂಡು ಹೋಗಿದ್ದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಬೇಡ ಎಂದಷ್ಟೂ ಬಡಿಸಿದಳು. ಮಡಿವಾಳೆಪ್ಪ ಮಾತು ಕಡಿಮೆ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದು ಕೂತವನು ರಾಜೇಶ್ವರಿಯನ್ನು ಒಂದೇ ಕೇಳಿದ: 'ನೀವು ಕನ್ನಡಾ ಕಲಸ್ತೀರೇನ್ರಿ? ನಮ್ಮ ಗಂಗಾಗ ಕನ್ನಡದಾಗ ಭಾಳ ಮಾರ್ಕ್ಸ್ ಬಂದಿದ್ವು. ಆಕಿ ಹೋದ ಮ್ಯಾಲ ರಿಜಲ್ಟ ಬಂತು.'

ಮೊದಲ ಎಡೆ ಗಂಗಾಗೆ. ಕಲ್ಲನ್ನು ತೊಳೆದು ಸುಣ್ಣ ಹಚ್ಚಿದ್ದಳು, ಸುತ್ತಲ ನಾಲ್ಕಕ್ಕೂ. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. 'ಇಷ್ಟ ವರ್ಷ ಹಚ್ಚಿರಲಿಲ್ಲವ್ವಾ. ಈ ವರ್ಷ ಮನಸಿಗೆ ಸಮಾಧಾನಾತು, ಹಚ್ಚಿದೆ. ಇನ್ನ ಯಾರೂ ಮುಟ್ಟೂದಿಲ್ಲ ಅಂತ ತಮ್ಮ ಹೇಳ್ಯಾನ' ಎಂದು ರಾಜೇಶ್ವರಿಗೆ ಹೇಳಿದಳು.

ಛಲೋ ಕಾಣತೈತಿ ಅವ್ವಾರ ಎಂದೆ.

೧೬ ಜನವರಿ, ಬುಧವಾರ

ನಾಳೆ ಸವದತ್ತಿಯಲ್ಲಿ ಸಭೆ. ಈ ಸಲ ಬದಲಿ ಮಂದಿ ನಡೆಯುವುದಿಲ್ಲ, ಕೆಲಸ ಗೊತ್ತಿರುವವರೇ ಬರಬೇಕು ಎಂದು ಹಟ ಹಿಡಿದೆ. ಎಲ್ಲರೂ ಬರುತ್ತಾರಂತೆ. ಭೂಸ್ವಾಧೀನದ ಸಾಹೇಬರು ಕೂಡ, ತಮ್ಮದೇ ಊರಲ್ಲಿ ಇರುವುದರಿಂದ. ಭೀಮಶಿಗೂ ಬಾ ಎಂದೆ.

ಡೋಜರ್ ಕೆಟ್ಟಿದೆ. ರಾಮದುರ್ಗದ ಕಡೆಯಿಂದ ಬೇರೊಂದು ಬಾಡಿಗೆಗೆ ಬರುತ್ತದೆ. ಹಳ್ಳದವರೆಗಿನ ಮುಳ್ಳುಕಂಟಿ ತೆಗೆದರೆ ಸಾಕು.

೧೭ ಜನವರಿ, ಸಂಜೆ

ಎಲ್ಲರೂ ಬಂದಿದ್ದರು. ಒಬ್ಬರೂ ತಪ್ಪಿಸಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ. ಸಾಹೇಬರು ಸುಣ್ಣದ ಕಲ್ಲಿನ ಉಪಾಯ ಹೊಗಳಿದರು, ಬೇರೆ ತಾಲೂಕಿಗೂ ಹೇಳುತ್ತೇನೆ ಎಂದರು. ಚಪ್ಪಾಳೆ.

ತಿರುಗಿ ಬರುವಾಗ ಹಳ್ಳದ ಹತ್ತಿರ ಜನ.

ಹೋಯಿತು. ಕಲ್ಲಿಲ್ಲ. ಗುಂಡಿ. ಕರಿಮಣ್ಣಿನ ರಾಶಿ. ಅದರಲ್ಲಿ

ಬರೆಯಲಾರೆ.

೨೨ ಜನವರಿ, ಮಂಗಳವಾರ

ಆಗಿದ್ದು ಹೀಗೆ. ಯಾರನ್ನೂ ಬಿಡದೆ ಕೇಳಿ ತಿಳಿದುಕೊಂಡಿದ್ದೇನೆ.

ಹೊಸ ಆಪರೇಟರ್ ನಮ್ಮ ಕಡೆಯವನಲ್ಲ, ಕನ್ನಡ ಅಷ್ಟಕ್ಕಷ್ಟೆ. ಸವದತ್ತಿಗೆ ಹೊರಡುವ ಮುಂಚೆ ಭೀಮಶಿ ಅವನಿಗೆ ಹೇಳಿದ್ದ: 'ಬಿಳೀ ಕಲ್ಲ ನೋಡ್ಕೊಂಡ ಹೋಗಪಾ. ಎರಡೂ ಕಡೆ ಸಾಫ್ ಮಾಡು.' ಅದು ನನ್ನದೇ ಒಕ್ಕಣೆ. ಹಳ್ಳದ ಮುಂಚೆಯೇ ನಿಲ್ಲು ಎಂದೂ ಹೇಳಿದ್ದನಂತೆ, ಹೇಳಿರಲಿಲ್ಲವೋ ಏನೋ, ಈಗ ಅವನಿಗೂ ಖಾತ್ರಿಯಿಲ್ಲ. ಹಗಲೆಲ್ಲ ಅಳುತ್ತಾನೆ. ಕೆಲಸ ಬೇಗ ಮುಗಿಯಿತು, ಆತ ಹಳ್ಳ ದಾಟಿದ. ತಿರುವಿನ ಕಲ್ಲುಗಳು ಜೋಳದಲ್ಲಿ ಮುಚ್ಚಿಹೋಗಿದ್ದವು. ನೇರಕ್ಕೆ ನೋಡಿದರೆ, ಬೇಸಿಗೆಯಲ್ಲೇ ರಸ್ತೆಗೆ ಬರೆದುಕೊಟ್ಟು ಬಿತ್ತದೆ ಬಿಟ್ಟ ಪಟ್ಟಿ, ಅದರ ನಡುವೆ ಬೆಳ್ಳಗೆ ಒಂದು ಕಲ್ಲು. ಸುತ್ತ ಇನ್ನೂ ನಾಲ್ಕು. ದೊಡ್ಡ ಗುರುತು ಅಂದುಕೊಂಡ. ಹೇಳಿದ ಹಾಗೆಯೇ ಮಾಡಿದ.

ತಡೆಯಲು ಅಲ್ಲಿ ಯಾರೂ ಇರಲಿಲ್ಲ. ಗೊತ್ತಿದ್ದವರನ್ನೆಲ್ಲ ನಾನು ಸವದತ್ತಿಯಲ್ಲಿ ಕೂರಿಸಿಕೊಂಡಿದ್ದೆ. ಗುರವ್ವ ಸಂಗೊಳ್ಳಿಯಲ್ಲಿ ತಂಗಿಯ ಮನೆಗೆ ಹೋಗಿದ್ದಳು. ಅಕ್ಟೋಬರಿನಿಂದ ಹೊಲ ಬಿಟ್ಟು ಕದಲಿರಲಿಲ್ಲ. ಇನ್ನು ಹೆದರಿಕೆಯಿಲ್ಲವೆಂದು ಹೋದಳು.

ಮರುದಿನ ಬಂದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದಿದ್ದೆ. ಹೊಡೆಯಲಿ ಎಂದು ಹತ್ತಿರ ಹೋಗಿ ನಿಂತೆ. ಮಣ್ಣಿನಲ್ಲಿ ಕೈಯಾಡಿಸುತ್ತ ಕೂತಿದ್ದಳು. ಸೀರೆಯ ಸೆರಗಿನಲ್ಲಿ ಏನನ್ನೋ ಕಟ್ಟಿಕೊಳ್ಳುತ್ತಿದ್ದಳು. ಸುಣ್ಣ ಹತ್ತಿದ ಒಂದು ಕಲ್ಲಿನ ಚೂರು ಎತ್ತಿ ನನಗೆ ತೋರಿಸಿ ಕೇಳಿದಳು:

'ನಾ ಸುಣ್ಣಾ ಹಚ್ಚಬಾರದಿತ್ತೇನ ತಮ್ಮಾ?'

ಎಲ್ಲ ಕಚೇರಿಗೂ ಹೇಳಿದ್ದೆ. ಫೋನಿನಲ್ಲಿ, ಕಾಗದದಲ್ಲಿ, ಎದುರಿಗೆ. ಬಿಳಿ ಕಲ್ಲೆಂದರೆ ಏನೆಂದು ಕಂಬದವನಿಗೆ ಗೊತ್ತು, ಪೈಪಿನವನಿಗೆ ಗೊತ್ತು, ರಾಮದುರ್ಗದಿಂದ ಬಂದ ಪರದೇಶಿಗೂ ಗೊತ್ತು. ಗುರವ್ವನಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಆಕೆ ಯಾವ ಕಚೇರಿಯೂ ಅಲ್ಲವಲ್ಲ. ಡಬ್ಬಿ ತುಂಬಿಸಿ ಕೊಟ್ಟೆ. ಉಂಡೆ. ಛಲೋ ಕಾಣತೈತಿ ಎಂದೆ.

೩೦ ಜನವರಿ, ಬುಧವಾರ

ಊರವರು ಕೆಲಸ ನಿಲ್ಲಿಸಿದ್ದಾರೆ. ಮೇಲಿನಿಂದ ವರದಿ ಕೇಳಿದ್ದಾರೆ. ಬರೆಯಬೇಕಾದವನು ನಾನು.

ಪ್ರಾಜೆಕ್ಟ್ ಮ್ಯಾನೇಜರ್ ಬಾಗಿಲು ಮುಂದಕ್ಕೆ ಎಳೆದು ಕೂತ. ಒಂದು ಸಾಲು ಹಾಕು ಎಂದ: ಹೊಲದ ಮಾಲೀಕರು ಯಾರನ್ನೂ ಕೇಳದೆ ಗುರುತಿನಂಥ ಸುಣ್ಣ ಹಚ್ಚಿದ್ದರಿಂದ ಹೀಗಾಯಿತು. ಸುಳ್ಳೇನಲ್ಲವಲ್ಲ ಎಂದ. ಸುಳ್ಳಲ್ಲ. ಅದಕ್ಕೇ ಪೆನ್ನು ಕೆಳಗಿಟ್ಟೆ.

ಬರೆಯುವುದಿಲ್ಲ ಎಂದೆ. ಕೆಲಸ ಹೋಗಬಹುದು ಎಂದ. ಹೋಗಲಿ ಎಂದೆ. ಹದಿಮೂರು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ಊಹೂಂ ಎಂದದ್ದು ಇದೇ ಮೊದಲು.

ಆಗಿದ್ದನ್ನು ಆಗಿದ್ದ ಹಾಗೆ ಬರೆದೆ. ಉಳಿದವರಂತೆ ಸ್ವಲ್ಪ ಹಾನಿ, ಅಲ್ಪ ಹಾನಿ ಎಂದು ತೇಲಿಸಲಿಲ್ಲ. 'ಯೋಜನೆಯ 17-1-2002ರ ಕೆಲಸದಲ್ಲಿ ಸಮಾಧಿಯು ಸಂಪೂರ್ಣ ನಾಶವಾಗಿದೆ. ಸ್ಥಳದಲ್ಲಿ ಏನೂ ಉಳಿದಿಲ್ಲ.' ಓದಿದವರಿಗೆ ಚುರುಕ್ ಅನ್ನಲಿ ಎಂದೇ ಹಾಗೆ ಬರೆದೆ. ಪೂನಮ್ ಮೇಡಂ ಓದಿ ಕಣ್ಣೊರೆಸಿಕೊಂಡರು. ಕಂಪನಿ, ಇಲಾಖೆ ಎರಡೂ ಕಡೆಯಿಂದ ಸಹಿಯಾಗಿ ಹೋಯಿತು.

೧೨ ಫೆಬ್ರವರಿ, ಮಂಗಳವಾರ

ಅಮಾವಾಸ್ಯೆ. ಗಂಗಾಳನ್ನು ಮತ್ತೆ ಮಣ್ಣು ಮಾಡಿದರು. ಹಿರಿಯರ ಹೊಲದಲ್ಲಿ ಇಡಬಹುದಿತ್ತು ಎಂದು ಯಾರೋ ಅಂದರು. ಮಠದ ಅಯ್ಯನವರು, ಇಟ್ಟ ಜಾಗ ಬಿಡಿಸಬೇಡಿರಿ ಎಂದರು. ಅದೇ ಗುಂಡಿ. ಗಂಡ ಹೆಂಡತಿ ಇಬ್ಬರೇ ಇಳಿದು ಮಾಡಿದರು. ಹೊಸ ಕಲ್ಲು ಇಟ್ಟರು. ನಾನು ದೂರ ನಿಂತಿದ್ದೆ. ಮಡಿವಾಳೆಪ್ಪ ನೋಡಿದ, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಮೇಲಕ್ಕೆ ಎರಡನೇ ಪತ್ರ ಬರೆದೆ: ಸಮಾಧಿ ಅದೇ ಸ್ಥಳದಲ್ಲಿ ಮತ್ತೆ ಆಗಿದೆ, ತಿರುವು ಹಾಗೆಯೇ ಇರಲಿ.

೪ ಮಾರ್ಚ್, ಸೋಮವಾರ

ಫ್ಯಾಕ್ಸ್. ಆರ್-ಫೋರ್.

ನಿಮ್ಮ ವರದಿಯ ಪ್ರಕಾರ ಸ್ಥಳದಲ್ಲಿ ಅಡಚಣೆ ಉಳಿದಿಲ್ಲವಾದ್ದರಿಂದ ತಿರುವಿನ ಅಗತ್ಯವಿರುವುದಿಲ್ಲ. ರಸ್ತೆ ಮೊದಲಿನಂತೆ ನೇರ.

ನನ್ನ ವಾಕ್ಯವನ್ನೇ ಎತ್ತಿ ಹಾಕಿದ್ದಾರೆ. ಏನೂ ಉಳಿದಿಲ್ಲ.

ಎರಡನೇ ಪತ್ರ? ಫೋನಿನ ಮೇಲೆ ಫೋನು. ಇನ್‌ವರ್ಡ್ ಆಗಿಲ್ಲವಂತೆ, ಬಂದದ್ದೇ ದಾಖಲಿಲ್ಲ. ಪೂನಮ್ ಮೇಡಂ ಬೆಳಗಾವಿಗೆ ಹೋಗಿ ಎದುರಿಗೆ ಹೇಳಿ ಬಂದರು. ಅವರಿಗೂ 'ಆಗ್ಲಿ' ಎಂದರಂತೆ. ಬಂದವರಿಗೆ ಕೊಟ್ಟ ಚಹಾ ಹಾಗೇ ಆರಿತು.

೮ ಮಾರ್ಚ್, ಶುಕ್ರವಾರ

ಸೋಮವಾರ ಕೆಲಸ ಶುರು. ಪೊಲೀಸರೂ ಬರುತ್ತಾರೆ. ಈ ಸಲ ಆಶ್ಚರ್ಯ, ನಾಲ್ಕೇ ದಿನದಲ್ಲಿ ಆರ್-ಫೋರ್ ಎಲ್ಲರ ಕೈಗೂ ತಲುಪಿದೆ. ದುಂಡಪ್ಪನ ಕೈಯಲ್ಲೂ ಅಚ್ಚಿನ ಪ್ರತಿ. ಒಬ್ಬರ ನಕ್ಷೆಗೂ ಇನ್ನೊಬ್ಬರದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಪ್ರಾಜೆಕ್ಟ್ ಮ್ಯಾನೇಜರನ ಒಂದೇ ತಾಕೀತು. ಹೊಲದವರಿಗೆ ಮುಂಚೆ ಹೇಳಬಾರದು. ಗಲಾಟೆಯಾಗುತ್ತದೆ.

ರಾಜೇಶ್ವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿದಳು. 'ರಾಜೀನಾಮಾ ಕೊಟ್ಟ ಬಂದ್ಬಿಡ್ರಿ' ಎಂದಳು. ಬಂದರೆ ಇನ್ನೊಬ್ಬ ಕೋಆರ್ಡಿನೇಟರ್ ಬರುತ್ತಾನೆ. ಅವನಿಗೆ ಗಂಗಾ ಯಾರೆಂದು ಗೊತ್ತಿರುವುದಿಲ್ಲ. ನನಗೆ ಗೊತ್ತಿದ್ದೂ ಆದದ್ದೇನು?

೯ ಮಾರ್ಚ್, ಶನಿವಾರ

ಗುರವ್ವ ಬಂದಿದ್ದಾಳೆ. ಜನವರಿಯಿಂದ ಈ ಶೆಡ್ಡಿಗೆ ಕಾಲಿಟ್ಟಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಡಬ್ಬಿ. ಅದೇ ಡಬ್ಬಿ.

'ಮಂಗಳವಾರ ಶಿವರಾತ್ರಿ ತಮ್ಮಾ. ಹೊಸಾ ಕಲ್ಲಿಗೆ ಸುಣ್ಣಾ ಹಚ್ಚಬೇಕಂತ ಮಾಡೇನಿ. ಹ್ವಾದಸಲ ಕೇಳಲಿಲ್ಲ, ತಪ್ಪಾತು. ಈ ಸಲ ಕೇಳೇ ಹಚ್ಚಬೇಕಂತ ಬಂದೇನಿ. ಹಚ್ಚಲ್ಯೋ ಬ್ಯಾಡೋ?'

'ಕುಂದರ್ರಿ ಅವ್ವಾರ. ಮ್ಯಾಲಿನವರ್ನ ಕೇಳಿ ಹೇಳತೇನಿ' ಎಂದೆ. ಬಾಯಿಗೆ ಬಂದದ್ದು ಅದೇ. ಒಳಗೆ ಬಂದು ಫೋನು ಎತ್ತಿ ಕಿವಿಗಿಟ್ಟುಕೊಂಡಿದ್ದೇನೆ. ಯಾರ ನಂಬರನ್ನೂ ತಿರುಗಿಸಿಲ್ಲ. ಇನ್ನೊಂದು ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಮೇಲಿನವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೇನೆ ಎಂದು ಆಕೆಗೆ ಕಾಣಲಿ ಎಂದು.

ಆರ್-ಫೋರ್ ಮೇಜಿನ ಮೇಲೇ ಇದೆ. ಮಗುಚಿ ಇಟ್ಟಿದ್ದೇನೆ.

ಹೇಳಬೇಕು. ಈ ಸಲ ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದು ಆಕೆಗೆ, ಮತ್ತೆ ಎಲ್ಲರಿಗೂ ಗೊತ್ತಾದ ಮೇಲೆ ಆಕೆಯೇ ಕಡೆಯವಳು. ಹೇಳಿದರೆ ಸೋಮವಾರ ಮತ್ತೆ ಕಲ್ಲಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಈ ಸಲದ ಆಪರೇಟರ್ ಬೀಡಿ ಸೇದುತ್ತ ನಿಲ್ಲುವುದಿಲ್ಲ, ಪೊಲೀಸರು ಎತ್ತಿ ಬದಿಗಿಡುತ್ತಾರೆ. ಹೇಳದಿದ್ದರೆ ನಾಳೆ ಹೋಗಿ ಸುಣ್ಣ ಹಚ್ಚುತ್ತಾಳೆ.

ಫೋನಿನಲ್ಲಿ ಗುಂಯ್ ಎನ್ನುವುದು ಬಿಟ್ಟು ಏನೂ ಇಲ್ಲ. ಆಕೆ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಾಳೆ. ಈಗ ಎದ್ದು ನಿಂತಳು. ಡಬ್ಬಿ ಎತ್ತಿ ಹಿಡಿದು, ಏನಂದ್ರು ಎಂದು ಕೈಯಲ್ಲೇ ಕೇಳುತ್ತಿದ್ದಾಳೆ. ನಾನು ತಲೆ—